ಛಲಾಭಿಮಾನವೂ ಜನಾನುರಾಗವೂ

ದೋಷಗಳು ಪ್ರಕಟವಾಗಿರುವ ಕಠಿಣಶಾಸಕರನ್ನು ಜನರು ತಿಳಿದೂ ತಿಳಿದೂ ಏಕೆ ವರಿಸುತ್ತಾರೆಂಬ ಪ್ರಶ್ನೆಯನ್ನು ರಾಜನೀತಿಜ್ಞರ ಪಾಲಿಗೆ ಬಿಡುವುದು ರೂಢಿ. ಆದರೆ ಇದರಲ್ಲಿ ಕಾವ್ಯಮೀಮಾಂಸೆಗೆ ಸೇರಿದ ಅಂಶವೊಂದುಂಟು. ಸದೋಷನಾದ ನಾಯಕನಲ್ಲಿ ಅನುರಾಗವು ಹುಟ್ಟುವ ಬಗೆಯನ್ನು ಕನ್ನಡ ಕವಿಗಳು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದಾರೆ. ಆ ಅನುರಾಗವು ಕಾವ್ಯದಲ್ಲಿ ನಿರಪಾಯವೂ ರಾಜ್ಯದಲ್ಲಿ ಸಾಪಾಯವೂ ಆಗುವುದೇಕೆಂಬುದು ಇಲ್ಲಿ ವಿಚಾರ್ಯ.

ಜನರ ಅಜ್ಞಾನವೇ ಇದಕ್ಕೆ ಕಾರಣವೆಂಬುದು ಪ್ರಚಲಿತವಾದ ಉತ್ತರ. 1978ರ ನವೆಂಬರಿನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯು ಈ ಉತ್ತರಕ್ಕೆ ಬಾಧಕವಾಗಿದೆ. 1975ರ ಜೂನಿನಿಂದ 1977ರ ಮಾರ್ಚಿಯವರೆಗೆ ನಡೆದ ತುರ್ತುಪರಿಸ್ಥಿತಿಯ ಸೆರೆಮನೆಗಳೂ ಪತ್ರಿಕಾನಿರ್ಬಂಧಗಳೂ ಆ ವೇಳೆಗೆ ಯಾರಿಗೂ ಗುಟ್ಟಾಗಿರಲಿಲ್ಲ. ಷಾ ಆಯೋಗದ ವರದಿಗಳು ಅದೇ ವರ್ಷ ಸಲ್ಲಿಕೆಯಾಗಿದ್ದುವು. ಇದಿರಾಳಿಯೂ ಸಾಮಾನ್ಯರಲ್ಲ, ಹಿಂದೆ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು. ಆದರೂ ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಮಿಕ್ಕ ಮತಾಧಿಕ್ಯದಿಂದ ಗೆದ್ದರು. ದೇವರಾಜ ಅರಸರ ಆಡಳಿತದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿಯಿಂದ, ಗೇಣಿದಾರನಿಗೆ ಉತ್ತ ನೆಲದ ಮೇಲೆ ಹಕ್ಕು ದೊರೆಯುವ ಮಾರ್ಗವು ತೆರೆದಿದ್ದಿತು. ಸೆರೆಮನೆಯು ಎಲ್ಲಿಯೋ ದೂರದ್ದು, ನೆಲವು ಕಾಲಕೆಳಗಿನದು. ಮೇಲಾಗಿ, ಅಧಿಕಾರಭ್ರಷ್ಟರಾಗಿ ವಿಚಾರಣೆಗೊಳಗಾಗಿದ್ದವರು ಹಲವರ ಕಣ್ಣಿಗೆ ಪೀಡಿತರಾಗಿಯೇ ಕಂಡರು. ಇಲ್ಲಿ ಮತದಾರನು ದೋಷವನ್ನು ಕಾಣದೆ ಹೋದನೆನ್ನಲಾಗದು. ಕಂಡು, ತೂಗಿ, ಬೇರೊಂದನ್ನು ಭಾರವೆಂದೆಣಿಸಿದನು.

ಈ ತೂಕದ ರಹಸ್ಯವನ್ನು ರನ್ನನ ಗದಾಯುದ್ಧದಲ್ಲಿ ಕಾಣಬಹುದು. 10ನೆಯ ಶತಮಾನದ ಕೊನೆಗೆ ಸೇರಿದ ಈ ಕವಿಯು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಅಭೇದವಾಗಿ ಹೊಗಳಲು ಹೊರಟವನು. ಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಅದಕ್ಕೇ. ಆದರೂ ಓದುಗನ ಹೃದಯವು ದುರ್ಯೋಧನನ ಹಿಂದೆಯೇ ಹೋಗುವುದು. ಬಿ. ಎಂ. ಶ್ರೀಕಂಠಯ್ಯನವರು ಇದೇ ಕಾವ್ಯದಿಂದ ಗದಾಯುದ್ಧನಾಟಕವನ್ನು ನಿರ್ಮಿಸಿ, ಆತನನ್ನು ದುರಂತನಾಯಕನ ಸ್ಥಾನದಲ್ಲಿ ನಿಲ್ಲಿಸಿದುದು ಆಕಸ್ಮಿಕವಲ್ಲ. ರನ್ನನು ಕೌರವನ ಅಪರಾಧಗಳನ್ನು ಮುಚ್ಚಿಲ್ಲ. ಆತನು ಮಾಡಿದುದಿಷ್ಟೆ: ದುರ್ಯೋಧನನನ್ನು ಒಂಟಿಯಾಗಿಸಿದನು. ಸಂಜಯನೊಡನೆ ಹೆಣಗಳ ನಡುವೆ ನಡೆಯುವ ಅರಸು ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಹಿರಿಯರು ಸಂಧಿಯನ್ನು ಬೋಧಿಸಿದಾಗ ಸತ್ತ ಗೆಳೆಯನನ್ನೂ ತಮ್ಮನನ್ನೂ ನೆನೆದು ಒಲ್ಲೆನೆನ್ನುತ್ತಾನೆ. ಹೀಗೆ ಹಠವೆಂಬ ದೋಷವು ನಿಷ್ಠೆಯೆಂಬ ಗುಣದ ವೇಷವನ್ನು ತಳೆಯುತ್ತದೆ. ಎಲ್ಲರೂ ಮುತ್ತಿದವನನ್ನು ಕಂಡಾಗ, ಮುತ್ತಿದುದು ನ್ಯಾಯವೇ ಎಂದು ಕೇಳುವ ಮೊದಲೇ ಮನಸ್ಸು ಅವನತ್ತ ವಾಲುವುದು.

ಅದೇ ಗುಣವನ್ನು ಶಾಸ್ತ್ರವು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಇಂದ್ರಿಯಜಯಪ್ರಕರಣದಲ್ಲಿ, ಅರಿಷಡ್ವರ್ಗವನ್ನು ಗೆಲ್ಲದೆ ಕೆಟ್ಟ ಅರಸರ ಪಟ್ಟಿಯೊಂದಿದೆ. ಅಲ್ಲಿ ಮಾನದಿಂದ ನಾಶವಾದವರೆಂದು ರಾವಣನೂ ದುರ್ಯೋಧನನೂ ಜೊತೆಯಾಗಿ ನಿಲ್ಲುತ್ತಾರೆ. ಒಬ್ಬನು ಪರಸ್ತ್ರೀಯನ್ನು ಬಿಡದವನು, ಇನ್ನೊಬ್ಬನು ರಾಜ್ಯದ ಭಾಗವನ್ನು ಕೊಡದವನು. ಬಂಧುಗಳೂ ರಾಜ್ಯವೂ ಅವರೊಡನೆಯೇ ಅಳಿದುದನ್ನು ಶಾಸ್ತ್ರಕಾರನು ಮರೆಯಲಿಲ್ಲ. ಕವಿಗೆ ಭೂಷಣವಾದ ಅಭಿಮಾನವು ಶಾಸ್ತ್ರಕಾರನಿಗೆ ವ್ಯಸನ. ಇಬ್ಬರಲ್ಲಿ ಯಾರೂ ತಪ್ಪಿದವರಲ್ಲ. ಅವರು ನಿಂತ ಕಾಲವು ಬೇರೆ. ಕವಿಯು ಹೊಗಳುವುದು ಸತ್ತವನನ್ನು. ಶಾಸ್ತ್ರವು ಎಚ್ಚರಿಸುವುದು ಇನ್ನೂ ಆಳಬೇಕಾದವನನ್ನು.

ಈ ಕಾಲಭೇದಕ್ಕೆ ಶಿಲಾಸಾಕ್ಷ್ಯವೊಂದು ಬೆಂಗಳೂರಿನ ಹೊರವಲಯದಲ್ಲಿಯೇ ಇದೆ. ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನ ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಕಾಲದಲ್ಲಿ ವೀರಮಹೇಂದ್ರನ ಕಡೆಯವರೊಡನೆ ನಡೆದ ಯುದ್ಧದಲ್ಲಿ ನಾಗತ್ತರನು ಆನೆಗೆ ಇದಿರಾಗಿ ಮಡಿದುದನ್ನೂ, ಅನಂತರ ಇರುಗನಿಗೆ ಬೇಗೂರು ಹನ್ನೆರಡನ್ನು ಕೊಟ್ಟುದನ್ನೂ ಅದು ತಿಳಿಸುತ್ತದೆ. ಇಲ್ಲಿಯ ಕ್ರಮವು ಗಮನಾರ್ಹ: ಮೊದಲು ಕಾರ್ಯ, ಬಳಿಕ ಮರಣ, ಕೊನೆಗೆ ಕಲ್ಲು. ಮತದಾರನಾದರೋ ಕಾರ್ಯವು ಮುಗಿಯುವ ಮೊದಲೇ ಕಲ್ಲನ್ನು ನಿಲ್ಲಿಸುತ್ತಾನೆ. ಸಹೃದಯನು ಕಾವ್ಯವನ್ನು ಮುಚ್ಚಿ ಮನೆಗೆ ಹೋಗಬಲ್ಲನು. ಪ್ರಜೆಯು ತಾನು ಮೆಚ್ಚಿದವನ ಆಳಿಕೆಯೊಳಗೇ ಬಾಳಬೇಕು.

ಹಾಗೆಂದು ಪ್ರಜೆಯನ್ನು ಹಳಿಯುವುದು ಯುಕ್ತವಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ದುಡಿಮೆಗಾಗಿ ಬಂದವರಲ್ಲಿ ಅನೇಕರು ಊರಿನ ಆಸರೆಯನ್ನು ಕಳೆದುಕೊಂಡವರು. ಕಾಣದ ಕಚೇರಿಯ ಒಂದು ಕಾಗದದಿಂದ ಕೂಲಿಯೂ ಉಳಿತಾಯವೂ ಏರುಪೇರಾಗುವಲ್ಲಿ, ತಮ್ಮ ಪರವಾಗಿ ಗದರಬಲ್ಲ ಒಬ್ಬನಿರಲಿ ಎಂಬ ಆಸೆ ಸಹಜ. ದಾಕ್ಷಿಣ್ಯವುಳ್ಳವರು ಕಾಪಾಡದೆ ಹೋದಾಗ ದರ್ಪವುಳ್ಳವನಲ್ಲಿ ರಕ್ಷಕನು ತೋರುವನು.

ಆದರೆ ರಕ್ಷಣೆಗೆ ಅದೊಂದೇ ದಾರಿಯಲ್ಲವೆಂಬುದಕ್ಕೂ ಅದೇ ವಲಯವು ಸಾಕ್ಷಿ. ಪಿ.ಎಫ್. ಎಂದು ಜನರು ಕರೆಯುವ ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು 2016ರಲ್ಲಿ ಕೇಂದ್ರಸರ್ಕಾರವು ನಿಯಮವನ್ನು ತಂದಿತು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರರು, ಬಹುಪಾಲು ಹೆಂಗಸರು, ಬೆಂಗಳೂರಿನ ಹೆದ್ದಾರಿಗಳಿಗಿಳಿದರು. ಕಲ್ಲೆಸೆತವೂ ವಾಹನದಹನವೂ ನಡೆದುದು ಶೋಚನೀಯ. ಆದರೆ 19ರಂದೇ ಸರ್ಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಆ ಗುಂಪಿನ ಮುಂದೆ ಗದೆಯನ್ನು ಹೊತ್ತ ನಾಯಕನೊಬ್ಬನೂ ಇರಲಿಲ್ಲ; ಕವಿಗೆ ಹಾಡಲು ಒಂದು ಹೆಸರೂ ಸಿಕ್ಕದು.

ಪ್ರಾಯಶಃ ತೊಡಕು ಇರುವುದೂ ಇಲ್ಲಿಯೇ. ಒಬ್ಬನ ಛಲವನ್ನು ಹೊಗಳಲು ಕನ್ನಡಕ್ಕೆ ಪಂಪರನ್ನರ ವಾಣಿಯುಂಟು; ಹಲವರ ಹಕ್ಕೊತ್ತಾಯವನ್ನು ಹಾಡಲು ಅಷ್ಟು ಪಳಗಿದ ವಾಣಿ ಇನ್ನೂ ಬೆಳೆಯಬೇಕಾಗಿದೆ. ಅಲ್ಲಿಯವರೆಗೆ ಗದಾಯುದ್ಧವನ್ನು ಬೋಧಿಸುವವರು ವಿದ್ಯಾರ್ಥಿಯ ಕಣ್ಣೀರನ್ನು ತಡೆಯಬೇಕಾದುದಿಲ್ಲ. ಪಾಠವು ಮುಗಿದಮೇಲೆ ಇಂದ್ರಿಯಜಯಪ್ರಕರಣವನ್ನೂ ಒಮ್ಮೆ ಓದಿಸಿ, ಆ ರಣರಂಗದಲ್ಲಿ ಹೆಸರಿಲ್ಲದೆ ಬಿದ್ದವರೆಷ್ಟು ಮಂದಿ ಎಂದು ಕೇಳಿದರೆ ಸಾಕು.