ಬೆಟ್ಟದ ಬಿಳಿಗೆರೆಗಳೂ ಲುಪ್ತವಿದ್ಯೆಯ ಪಂಥವೂ

ಇಂಗ್ಲೆಂಡಿನ ದಕ್ಷಿಣದಲ್ಲಿ, ಮೇಲಿನ ಹುಲ್ಲನ್ನೂ ಅದರಡಿಯ ತೆಳುಮಣ್ಣನ್ನೂ ಸರಿಸಿದೊಡನೆ ಸೀಮೆಸುಣ್ಣದ ಬೆಳ್ಳನೆಯ ಮೃದುಶಿಲೆ ಹೊರಬೀಳುವ ಗುಡ್ಡಗಳ ಸಾಲುಗಳುಂಟು. ಆ ಗುಡ್ಡಗಳ ಇಳಿಜಾರಿನಲ್ಲಿ ಕುದುರೆಯನ್ನೋ ಮನುಷ್ಯಾಕೃತಿಯನ್ನೋ ಕೊರೆದು, ಹಸಿರಿನ ನಡುವಣ ಬಿಳುಪು ಹರದಾರಿ ದೂರಕ್ಕೆ ಕಾಣುವಂತೆ ಮಾಡುವ ಪದ್ಧತಿ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇವುಗಳಲ್ಲಿ ಮೂರು ಆಕೃತಿಗಳು ಲೋಕಪ್ರಸಿದ್ಧ: ಆಕ್ಸ್‌ಫರ್ಡ್‌ಷೈರಿನ ಅಫಿಂಗ್ಟನ್ ಗ್ರಾಮದ ಮೇಲಣ, ಸುಮಾರು 110 ಮೀಟರ್ ಉದ್ದದ ಶ್ವೇತಾಶ್ವ, ಡಾರ್ಸೆಟ್ಟಿನ ಸರ್ನ್ ಆಬಸ್ ಎಂಬಲ್ಲಿ ಗದೆಯೆತ್ತಿ ನಿಂತ, 55 ಮೀಟರ್ ಎತ್ತರದ ನಗ್ನ ದೈತ್ಯ, ಸಸೆಕ್ಸಿನ ವಿಲ್ಮಿಂಗ್ಟನ್ನಿನಲ್ಲಿ ಎರಡು ಕೈಗಳಲ್ಲಿ ಎರಡು ಉದ್ದಕೋಲುಗಳನ್ನು ಹಿಡಿದ ಮುಖಹೀನ ಪುರುಷ. ಇವನ್ನು ಯಾರು, ಯಾವಾಗ, ಏತಕ್ಕೆ ಮಾಡಿದರೆಂಬುದಕ್ಕೆ ಮಾಡಿದವರ ಲಿಖಿತವೊಂದೂ ಉಳಿದಿಲ್ಲವಾದುದರಿಂದ, ಊಹೆಗೆ ಇಷ್ಟು ವಿಶಾಲವಾದ ಬಯಲು ಇನ್ನೆಲ್ಲೂ ದೊರೆಯಲಾರದು. ಆ ಬಯಲಿನಲ್ಲಿ ಬೆಳೆದ ಪಂಥವೊಂದರ ಯೋಗ್ಯತೆಯನ್ನು ಅಳೆಯುವುದು ಇಲ್ಲಿನ ಉದ್ದೇಶ.

ಈ ಆಕೃತಿಗಳು ಬರಿಯ ಚಿತ್ರಗಳಲ್ಲ, ಲುಪ್ತವಾದ ಯಾವುದೋ ಪ್ರೌಢವಿದ್ಯೆಯ ಅವಶೇಷಗಳು ಎಂಬುದು ಪಂಥದ ಮೂಲಸೂತ್ರ. ಆ ವಿದ್ಯೆ ಯಾವುದೆಂಬ ಪ್ರಶ್ನೆಗೆ ಮಾತ್ರ ತಲೆಮಾರಿಗೊಂದು ಉತ್ತರ. ಮೊದಲು ಅದು ಭೂಮಾಪನವಾಗಿತ್ತು; ಆಮೇಲೆ ಭೂಗರ್ಭದ ಜಲವನ್ನೂ ಶಕ್ತಿಯನ್ನೂ ಅರಿಯುವ ಶಾಸ್ತ್ರವಾಯಿತು; ಕೊನೆಗೆ ಅನ್ಯಗ್ರಹದಿಂದ ಬಂದವರ ವಿಮಾನಗಳಿಗೆ ದಾರಿ ತೋರುವ ಸಂಕೇತವಾಯಿತು. ಒಂದೇ ಹುಲ್ಲುಗಾವಲಿನ ಮೇಲಣ ಒಂದೇ ಗೆರೆ ಐವತ್ತು ವರ್ಷಗಳೊಳಗೆ ಮೂರು ವೇಷಗಳನ್ನು ತೊಟ್ಟಿತೆಂಬುದೇ ಎಚ್ಚರದ ಓದುಗನಿಗೆ ಸಾಕಷ್ಟು ಹೇಳಬೇಕು. ಆದರೂ ಈ ಮೂರು ಉತ್ತರಗಳನ್ನು ಕೊಟ್ಟವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಪಂಥದ ಆದಿಪುರುಷನಾದ ಆಲ್ಫ್ರೆಡ್ ವಾಟ್ಕಿನ್ಸನು ಗೌರವಕ್ಕೆ ಪಾತ್ರನಾದ ಮನುಷ್ಯ. ಹಿಯರ್‌ಫರ್ಡಿನಲ್ಲಿ 1855ರಲ್ಲಿ ಹುಟ್ಟಿ, ಮನೆತನದ ವ್ಯಾಪಾರದ ನಿಮಿತ್ತ ಸುತ್ತಲಿನ ಸೀಮೆಯನ್ನೆಲ್ಲ ಸುತ್ತಿ, ಛಾಯಾಗ್ರಾಹಕರಿಗಾಗಿ ಬೆಳಕಿನ ಪ್ರಮಾಣವನ್ನಳೆಯುವ ಒಂದು ಉಪಕರಣವನ್ನೂ ನಿರ್ಮಿಸಿ ಹೆಸರು ಪಡೆದಿದ್ದ ಈತನಿಗೆ, 1921ರ ಜೂನ್ 30ರಂದು, ಬೆಟ್ಟಗಳ ತುದಿ, ನಿಲ್ಲಿಸಿದ ಕಲ್ಲು, ಸಮಾಧಿಯ ದಿಬ್ಬ, ಹಳೆಯ ಚರ್ಚು, ಹೊಳೆಯ ಹಾಯ್ಗಡ ಇವೆಲ್ಲ ನೇರವಾದ ಗೆರೆಗಳಲ್ಲಿ ಜೋಡಿಸಿಕೊಂಡಿರುವಂತೆ ಹೊಳೆಯಿತು. ಪ್ರಾಚೀನರು ಗುರಿಕೋಲುಗಳನ್ನು ನೆಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಳತೆ ಹಿಡಿದು ಹಾದಿಗಳನ್ನು ಹಾಕಿದ್ದರೆಂದು ಆತ ಬಗೆದನು. 1925ರಲ್ಲಿ ಹೊರಬಂದ ಅವನ ‘ದಿ ಓಲ್ಡ್ ಸ್ಟ್ರೈಟ್ ಟ್ರ್ಯಾಕ್’ ಎಂಬ ಗ್ರಂಥದಲ್ಲಿ ವಿಲ್ಮಿಂಗ್ಟನ್ನಿನ ಪುರುಷನು ಆ ಪ್ರಾಚೀನ ಮೋಜಣಿದಾರನ ಪ್ರತಿಮೆಯಾಗಿ, ಅವನ ಕೈಯ ಕೋಲುಗಳು ಗುರಿಕೋಲುಗಳಾಗಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಅಲೌಕಿಕವಾದುದು ಏನೂ ಇಲ್ಲ. ಕಾಲು, ಕಣ್ಣು, ಕೋಲು ಇವಿಷ್ಟರಿಂದ ಮಾಡಬಹುದಾದ ಕೆಲಸವನ್ನೇ ವಾಟ್ಕಿನ್ಸನು ತನ್ನ ಪೂರ್ವಿಕರ ಮೇಲೆ ಆರೋಪಿಸಿದ್ದಾನೆ. ನಕ್ಷೆಯನ್ನು ಹರಡಿ ಅವನ ಗೆರೆಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದಾಗಿದೆ. ಪರೀಕ್ಷೆಗೆ ಒಡ್ಡಿಕೊಳ್ಳುವ ತಪ್ಪು, ಪರೀಕ್ಷೆಯನ್ನು ತಪ್ಪಿಸಿಕೊಳ್ಳುವ ಸತ್ಯಕ್ಕಿಂತ ವಿದ್ಯೆಗೆ ಹೆಚ್ಚು ಉಪಕಾರಿ. ಇದನ್ನು ಅಂದಿನ ಪಂಡಿತರು ಮನಗಾಣಲಿಲ್ಲ. ‘ಆಂಟಿಕ್ವಿಟಿ’ ಪತ್ರಿಕೆಯ ಸಂಪಾದಕನಾಗಿದ್ದ ಕ್ರಾಫರ್ಡನು ಆ ಗ್ರಂಥದ ಜಾಹೀರಾತನ್ನು ಕೂಡ ಅಚ್ಚುಹಾಕಲು ಒಪ್ಪಲಿಲ್ಲವೆಂಬುದು ಪಾಂಡಿತ್ಯಕ್ಕೆ ಶೋಭೆ ತರುವ ಸಂಗತಿಯಲ್ಲ.

ಪರೀಕ್ಷೆ ನಡೆದದ್ದು ತಡವಾಗಿ. ಟಾಮ್ ವಿಲಿಯಮ್ಸನ್, ಲಿಜ್ ಬೆಲಮಿ ಎಂಬಿಬ್ಬರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬ್ರಿಟನ್ನಿನ ನೆಲದಲ್ಲಿ ಪ್ರಾಚೀನ ತಾಣಗಳು ಎಷ್ಟು ದಟ್ಟವಾಗಿವೆಯೆಂದರೆ ಅಡ್ಡಾದಿಡ್ಡಿಯಾಗಿ ಎಳೆದ ಗೆರೆ ಕೂಡ ಹಲವನ್ನು ಮುಟ್ಟದೆ ಹೋಗಲಾರದು, ಆದಕಾರಣ ಗೆರೆಗಳು ಆಕಸ್ಮಿಕಗಳೇ ಹೊರತು ಉದ್ದೇಶಪೂರ್ವಕವಲ್ಲ ಎಂದು ತೋರಿಸಿಕೊಟ್ಟರು. ವಿಲ್ಮಿಂಗ್ಟನ್ನಿನ ಪುರುಷನಿಗೆ ಬಂದ ಗತಿ ಇನ್ನೂ ಕಠೋರ. ವಾಟ್ಕಿನ್ಸನ ಕಾಲಕ್ಕೆ ಕಣ್ಣಿಗೆ ಬೀಳುತ್ತಿದ್ದ ಆಕೃತಿಯ ಅಂಚು 1874ರಲ್ಲಿ ಹಳದಿ ಇಟ್ಟಿಗೆಗಳನ್ನು ಜೋಡಿಸಿ ಗುರುತು ಮಾಡಿದ ಅಂಚು. 1969ರಲ್ಲಿ ಆ ಇಟ್ಟಿಗೆಗಳ ಸ್ಥಾನಕ್ಕೆ ಕಾಂಕ್ರೀಟಿನ ತುಂಡುಗಳು ಬಂದುವು. 1710ರಲ್ಲಿ ಜಾನ್ ರೌಲಿ ಬರೆದ ಚಿತ್ರದಲ್ಲಿಯಾದರೋ ಆ ಪುರುಷನಿಗೆ ಕಣ್ಣು ಮೂಗುಗಳೂ ಇದ್ದುವು. ಕೊನೆಗೆ 2003ರಲ್ಲಿ ಮಾರ್ಟಿನ್ ಬೆಲ್ ಎಂಬ ಪುರಾತತ್ತ್ವಜ್ಞರು ಗುಡ್ಡದ ಬುಡದಲ್ಲಿ ಅಗೆದು, ಮೇಲಿನಿಂದ ಉರುಳಿಬಂದ ಸುಣ್ಣದ ಚೂರುಗಳ ಪದರವನ್ನು ಪರಿಶೀಲಿಸಿದಾಗ, ಆಕೃತಿಯನ್ನು ಕೊರೆದದ್ದು ಕ್ರಿಸ್ತಶಕ ಹದಿನಾರು ಅಥವಾ ಹದಿನೇಳನೆಯ ಶತಮಾನದಲ್ಲಿರಬೇಕೆಂದು ಕಂಡುಬಂದಿತು. ಇತಿಹಾಸಪೂರ್ವದ ಮೋಜಣಿದಾರನು ಷೇಕ್ಸ್‌ಪಿಯರನ ಸಮಕಾಲೀನನಾಗಿಬಿಟ್ಟನು.

ವಾಟ್ಕಿನ್ಸನಿಂದ ಮುಂದಕ್ಕೆ ಇಳಿಜಾರು. 1969ರಲ್ಲಿ, ಲೇಖಕನು ತೀರಿಕೊಂಡ ಮೇಲೆ ಪ್ರಕಟವಾದ ‘ದಿ ಪ್ಯಾಟರ್ನ್ ಆಫ್ ದಿ ಪಾಸ್ಟ್’ ಎಂಬ ಗ್ರಂಥದಲ್ಲಿ ಗೈ ಅಂಡರ್‌ವುಡ್ಡನು ನೀರು ನೋಡುವವರ ವಿದ್ಯೆಯನ್ನೇ ಪ್ರಮಾಣವಾಗಿ ಹಿಡಿದು, ಬೆಟ್ಟದ ಆಕೃತಿಗಳ ರೇಖೆಗಳು ಭೂಗರ್ಭದ ಅದೃಶ್ಯ ಪ್ರವಾಹಗಳನ್ನು ಅನುಸರಿಸುತ್ತವೆಂದು ಸಾಧಿಸಹೊರಟನು. ಕೊಳವೆಬಾವಿ ತೋಡಿಸುವ ಮುನ್ನ ಕವೆಗೋಲಿನವರನ್ನೋ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನೋ ಕರೆಸುವ ನಮ್ಮ ಸೀಮೆಯ ರೈತರಿಗೆ ಈ ವಾದ ಹೊಸದೆನಿಸಲಾರದು. ಆದರೆ ನಮ್ಮ ರೈತನಿಗೆ ಕೊನೆಗೆ ನೀರು ಬಂತೆ ಇಲ್ಲವೆ ಎಂಬ ಪರೀಕ್ಷೆಯಾದರೂ ಇದೆ, ಅಂಡರ್‌ವುಡ್ಡನಿಗೆ ಅದೂ ಇಲ್ಲ. ಎಷ್ಟೋ ಸಲ ಕೆರೆದು, ತುಂಬಿ, ತಿದ್ದಿ ಉಳಿಸಿದ ಅಂಚನ್ನು ಭೂಗರ್ಭದ ಪ್ರವಾಹದೊಡನೆ ಹೋಲಿಸಿ ನೋಡುವವನು ನಿಜವಾಗಿ ಹೋಲಿಸುವುದು ಕೊನೆಯ ಸಲ ದುರಸ್ತಿ ಮಾಡಿದವರ ಸಲಿಕೆಯೊಡನೆ. 1977ರಲ್ಲಿ ಪಾಲ್ ಡೆವರೊ ಅವರು ಉಪಕರಣಗಳನ್ನು ಹಿಡಿದು ರೋಲ್‌ರೈಟ್ ಶಿಲಾವೃತ್ತದ ಬಳಿ ಇಂತಹ ಶಕ್ತಿಗಳನ್ನು ಅಳೆಯುವ ಪ್ರಯತ್ನವನ್ನು ಆರಂಭಿಸಿದರು. ಶಕ್ತಿರೇಖೆಗಳ ಕಲ್ಪನೆಯನ್ನು ಮುಂದೆ ಅವರೇ ತೊರೆದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಹಾರುವ ತಟ್ಟೆಗಳು ಬಂದದ್ದು 1961ರಲ್ಲಿ. ಹಿಂದೆ ವಾಯುಪಡೆಯಲ್ಲಿದ್ದ ಟೋನಿ ವೆಡ್ಡನು ವಾಟ್ಕಿನ್ಸನ ಗೆರೆಗಳೇ ಆ ತಟ್ಟೆಗಳ ಮಾರ್ಗಗಳೆಂದು ಕಿರುಹೊತ್ತಗೆಯೊಂದರಲ್ಲಿ ಸೂಚಿಸಿದನು. ಅದನ್ನು ಕಾವ್ಯದ ಎತ್ತರಕ್ಕೆ ಏರಿಸಿದವನು ಜಾನ್ ಮಿಚೆಲ್. 1967ರ ‘ದಿ ಫ್ಲೈಯಿಂಗ್ ಸಾಸರ್ ವಿಷನ್’, 1969ರ ‘ದಿ ವ್ಯೂ ಓವರ್ ಅಟ್ಲಾಂಟಿಸ್’ ಎಂಬ ಎರಡು ಗ್ರಂಥಗಳಲ್ಲಿ ಆತ ಡ್ರ್ಯಾಗನ್ನಿನ ಐತಿಹ್ಯಗಳನ್ನೂ ಚೀನದ ಭೂಶಕುನಶಾಸ್ತ್ರವನ್ನೂ ಇಂಗ್ಲೆಂಡಿನ ದಿಬ್ಬಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ, ಭೂಮಂಡಲವನ್ನೆಲ್ಲ ವ್ಯಾಪಿಸಿದ್ದ ಒಂದು ಆದಿವಿಜ್ಞಾನವನ್ನು ಕಟ್ಟಿಕೊಟ್ಟನು. ಗದ್ಯ ಸೊಗಸಾದುದು, ಪ್ರಮಾಣ ಕೇಳುವವನಿಗೆ ಮಾತ್ರ ಅದರಲ್ಲಿ ಏನೂ ದೊರೆಯುವುದಿಲ್ಲ.

ಈ ಮೂರನೆಯ ಶಾಖೆಯ ಮುಖ್ಯವಾದ ವಾದವೊಂದಿದೆ. ಅಫಿಂಗ್ಟನ್ನಿನ ಕುದುರೆಯ ಪೂರ್ಣರೂಪ ಗುಡ್ಡದ ಬುಡದಲ್ಲಿ ನಿಂತವನಿಗೆ ಕಾಣದು, ಆಕಾಶದಿಂದ ನೋಡಿದವನಿಗೆ ಮಾತ್ರ ಕಾಣುವುದು; ಆಕಾಶದಿಂದ ನೋಡುವವರಿಲ್ಲದ ಕಾಲದಲ್ಲಿ ಅದನ್ನು ಯಾರಿಗಾಗಿ, ಹೇಗೆ ಬಿಡಿಸಿದರು? ಪ್ರಶ್ನೆ ಗಟ್ಟಿಯಾಗಿ ತೋರುತ್ತದೆ. ಆದರೆ ಕಣಿವೆಯಾಚೆಯ ದೂರದಿಂದ ಕುದುರೆ ಕಣ್ಣಿಗೆ ಬೀಳುತ್ತದೆ. ಇಳಿಜಾರಿನ ಮೇಲೆ ದೊಡ್ಡ ಆಕೃತಿಯನ್ನು ಬಿಡಿಸುವ ಬಗೆಯನ್ನು ಹದಿನೆಂಟನೆಯ ಶತಮಾನದವರೇ ನಮಗೆ ಮಾಡಿ ತೋರಿಸಿದ್ದಾರೆ. ವಿಲ್ಟ್‌ಷೈರಿನ ಚೆರಿಲ್ ಎಂಬಲ್ಲಿ 1780ರಲ್ಲಿ ಕ್ರಿಸ್ಟಫರ್ ಆಲ್ಸಪ್ ಎಂಬ ವೈದ್ಯನು ದೂರದಲ್ಲಿ ನಿಂತು, ಕಹಳೆಯಂತಹ ಧ್ವನಿವರ್ಧಕದ ಮೂಲಕ ಕೂಗಿ ಹೇಳುತ್ತ, ಆಳುಗಳಿಂದ ಕುದುರೆಯೊಂದನ್ನು ಕೊರೆಸಿದನೆಂದು ಹೇಳುತ್ತಾರೆ. ಅದರ ಕಣ್ಣು ದೂರಕ್ಕೆ ಮಿನುಗಲೆಂದು ಬಾಟಲಿಗಳನ್ನು ತಲೆಕೆಳಗಾಗಿ ಹೂತಿದ್ದರು! ಒಂದನೆಯ ಮಹಾಯುದ್ಧದ ಕೊನೆಗೆ, 1919ರಲ್ಲಿ, ಬುಲ್‌ಫರ್ಡ್ ಶಿಬಿರದಲ್ಲಿ ತವರಿಗೆ ಹಡಗು ಕಾಯುತ್ತಿದ್ದ ನ್ಯೂಜಿಲೆಂಡಿನ ಸೈನಿಕರು ತಮ್ಮ ನಾಡಿನ ಕಿವಿ ಹಕ್ಕಿಯನ್ನು ಗುಡ್ಡದ ಮೇಲೆ ಮೂಡಿಸಿದರು. ಇವರಾರಿಗೂ ಆಕಾಶದಿಂದ ಅಪ್ಪಣೆ ಬರಲಿಲ್ಲ. ವಿಮಾನಯಾನಕ್ಕೂ ಅಫಿಂಗ್ಟನ್ನಿನ ಕುದುರೆಗೂ ನಿಜವಾದ ಸಂಬಂಧ ಉಂಟಾದದ್ದು ಎರಡನೆಯ ಮಹಾಯುದ್ಧದಲ್ಲಿ. ಜರ್ಮನ್ ವಿಮಾನಗಳಿಗೆ ಗುರುತಾಗದಿರಲೆಂದು ಆಗ ಅದನ್ನು ಹುಲ್ಲುಹೆಂಟೆಗಳಿಂದಲೂ ಬೇಲಿಯ ಸೊಪ್ಪುಸದೆಗಳಿಂದಲೂ ಮುಚ್ಚಿಟ್ಟಿದ್ದರು.

ಪಂಥದ ಈ ಶಾಖೆಗೆ ಭಾರತವೂ ಸಾಮಗ್ರಿಯನ್ನು ಒದಗಿಸಿದೆಯೆಂಬುದನ್ನು ಮರೆಯತಕ್ಕುದಲ್ಲ. ನಮ್ಮ ಪುರಾಣಗಳ ವಿಮಾನವರ್ಣನೆಗಳನ್ನು ಹಾರುವ ತಟ್ಟೆಗಳಿಗೆ ಸಾಕ್ಷಿಯಾಗಿ ಡೆಸ್ಮಂಡ್ ಲೆಸ್ಲಿ 1953ರಷ್ಟು ಹಿಂದೆಯೇ ಎತ್ತಿಕೊಂಡಿದ್ದನು. ಅದೇ ಮನೋಧರ್ಮ ಇಲ್ಲಿಯೂ ಇದ್ದಿತು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಗಳದೆಂದು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಕೂಲಂಕಷವಾಗಿ ಪರೀಕ್ಷಿಸಿ, ಗ್ರಂಥವು 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಪೂರ್ವಿಕರನ್ನು ಹೊಗಳುವ ಉತ್ಸಾಹದಲ್ಲಿ ಪೂರ್ವಿಕರು ನಿಜವಾಗಿ ಮಾಡಿದ ಕೆಲಸವನ್ನು ಕಾಣದಿರುವುದು ಎರಡು ದೇಶಗಳಲ್ಲಿಯೂ ಒಂದೇ ಬಗೆಯ ಕುರುಡು.

ಹೀಗೆಂದ ಮಾತ್ರಕ್ಕೆ ಪಂಡಿತರ ಪಕ್ಷವೆಲ್ಲ ನಿರ್ದುಷ್ಟವೆಂದಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದ ಲೆತ್‌ಬ್ರಿಜನೇ ವಾಂಡಲ್‌ಬರಿಯ ಗುಡ್ಡದಲ್ಲಿ ಕಬ್ಬಿಣದ ಸಲಾಕೆಯಿಂದ ನೆಲವನ್ನು ಚುಚ್ಚುತ್ತ, ಮೆತ್ತಗಿದ್ದ ಕಡೆಗಳನ್ನೆಲ್ಲ ಕೂಡಿಸಿ, ದೇವಿಯೊಬ್ಬಳನ್ನೂ ರಥವನ್ನೂ ಯೋಧನನ್ನೂ ‘ಶೋಧಿಸಿದನು’. ಅವು ನಿಸರ್ಗವೇ ಮಾಡಿದ ತಗ್ಗುಗಳೆಂದು ತಜ್ಞರು ತೀರ್ಮಾನಿಸಿದರು. ಅಫಿಂಗ್ಟನ್ನಿನ ಕುದುರೆಯನ್ನು ಬಹುಕಾಲ ಸ್ಯಾಕ್ಸನ್ ದೊರೆ ಆಲ್ಫ್ರೆಡನ ವಿಜಯಸ್ಮಾರಕವೆಂದು ಬಗೆದಿದ್ದರು. ಸರ್ನ್ ಆಬಸ್ಸಿನ ದೈತ್ಯನಿಗೆ 1694ಕ್ಕಿಂತ ಹಿಂದಿನ ಉಲ್ಲೇಖ ದೊರೆಯದ ಕಾರಣ — ಆ ವರ್ಷದ ಚರ್ಚಿನ ಲೆಕ್ಕದಲ್ಲಿ ಅವನ ದುರಸ್ತಿಗೆಂದು ಮೂರು ಷಿಲಿಂಗು ಬರೆದಿದೆ — ಅವನು ಕ್ರಾಮ್‌ವೆಲ್ಲನ ವ್ಯಂಗ್ಯಚಿತ್ರವಿರಬೇಕೆಂದು ಹಲವರು ನಂಬಿದ್ದರು. ಈ ಜಗಳಗಳನ್ನು ತೀರಿಸಿದ್ದು ಭೌತಶಾಸ್ತ್ರ. ಮಣ್ಣಿನಲ್ಲಿ ಹೂತ ಬೆಣಚುಕಲ್ಲಿನ ಸೂಕ್ಷ್ಮಕಣಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಕೂಡಿಟ್ಟುಕೊಳ್ಳುತ್ತವೆ; ಬಿಸಿಲು ಸೋಕಿದೊಡನೆ ಆ ಗಂಟು ಕರಗುತ್ತದೆ; ಆದುದರಿಂದ ಅವುಗಳನ್ನು ಕತ್ತಲಲ್ಲಿಯೇ ತೆಗೆದು, ಪ್ರಯೋಗಾಲಯದಲ್ಲಿ ಬೆಳಕನ್ನು ಹಾಯಿಸಿ, ಹೊಮ್ಮುವ ಕಾಂತಿಯನ್ನಳೆದರೆ ಕೊನೆಯ ಬಿಸಿಲನ್ನು ಅವು ಕಂಡ ಕಾಲ ತಿಳಿದುಬರುವುದು. ಈ ವಿಧಾನದಿಂದ ಅಫಿಂಗ್ಟನ್ನಿನ ಕುದುರೆ ಕ್ರಿಸ್ತಪೂರ್ವ 1380ರಿಂದ 550ರ ನಡುವಣದೆಂದು 1995ರಲ್ಲಿಯೂ, ಸರ್ನ್ ಆಬಸ್ಸಿನ ದೈತ್ಯನು ಕ್ರಿಸ್ತಶಕ 700ರಿಂದ 1100ರ ನಡುವಣವನೆಂದು 2021ರಲ್ಲಿಯೂ ಪ್ರಕಟವಾಯಿತು. ಪಂಡಿತರೂ ಪಂಥದವರೂ ಕೂಡಿಯೇ ತಪ್ಪಿದ್ದರು.

ಮೂರು ಆಕೃತಿಗಳ ನಡುವೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದ್ದಮೇಲೆ, ಅವೆಲ್ಲಕ್ಕೂ ಸಮಾನವಾದ ಒಂದು ಲುಪ್ತವಿದ್ಯೆಯೆಂಬ ಮಾತು ಬಿದ್ದುಹೋಗುತ್ತದೆ. ಆದರೆ ಪಂಥದ ಮೇಲೆ ನನಗಿರುವ ದೊಡ್ಡ ಆಕ್ಷೇಪ ಕಾಲನಿರ್ಣಯದ್ದಲ್ಲ. ಕುದುರೆಯನ್ನು ಅಗೆದು ನೋಡಿದವರಿಗೆ ಕಂಡದ್ದೇನು? ಹುಲ್ಲನ್ನು ಕೆರೆದಷ್ಟಕ್ಕೇ ಬಿಟ್ಟ ಗೆರೆಯಲ್ಲ; ಕೆಲವೆಡೆ ಮೀಟರಿನಷ್ಟು ಆಳಕ್ಕೆ ತೋಡಿದ ಕಂದಕ, ಅದರೊಳಗೆ ಸುಣ್ಣದ ಕಲ್ಲನ್ನು ತುಂಬಿ ದಿಮ್ಮಸು ಹಾಕಿ ಗಟ್ಟಿಮಾಡಿದ ತಳ. ಇಷ್ಟು ಮಾಡಿದರೂ ಅದು ತಾನಾಗಿ ನಿಲ್ಲುವ ವಸ್ತುವಲ್ಲ. ಮಳೆಗೆ ಮಣ್ಣು ಹರಿದುಬರುತ್ತದೆ, ಅಂಚಿನ ಹುಲ್ಲು ಒಳಕ್ಕೆ ಹಬ್ಬುತ್ತದೆ. ಒಂದೆರಡು ತಲೆಮಾರು ಉದಾಸೀನ ಮಾಡಿದರೆ ಕುದುರೆಯೇ ಇಲ್ಲ. ವಾರಿಕ್‌ಷೈರಿನ ಟೈಸೋ ಎಂಬಲ್ಲಿ ಕೆಮ್ಮಣ್ಣಿನಲ್ಲಿ ಕೊರೆದಿದ್ದ ಕೆಂಪು ಕುದುರೆ ಹೀಗೆಯೇ ನೋಡಿಕೊಳ್ಳುವವರಿಲ್ಲದೆ ನೆಲದಲ್ಲಿ ಅಡಗಿಹೋಯಿತು. ಅಂದಮೇಲೆ ಅಫಿಂಗ್ಟನ್ನಿನ ಕುದುರೆ ಇಂದಿಗೂ ಉಳಿದಿದೆಯೆಂಬುದರ ಅರ್ಥ, ಭಾಷೆ ಬದಲಾಗಿ, ದೇವರುಗಳು ಬದಲಾಗಿ, ರೋಮನರೂ ಸ್ಯಾಕ್ಸನರೂ ನಾರ್ಮನರೂ ಬಂದು ಆಳಿದರೂ, ಸುತ್ತಲಿನ ಹಳ್ಳಿಗರು ಸುಮಾರು ಮೂರು ಸಾವಿರ ವರ್ಷ ಗುಡ್ಡ ಹತ್ತಿ ಅದನ್ನು ಹೆರೆಯುತ್ತಲೇ ಬಂದರು ಎಂದಷ್ಟೆ. ಈ ಕೆಲಸವನ್ನೇ ನೆಪಮಾಡಿಕೊಂಡು ಅಲ್ಲಿ ಜಾತ್ರೆ ನಡೆಯುತ್ತಿದ್ದಿತು. ಕುಸ್ತಿ, ಕೋಲುಕಾಳಗಗಳಲ್ಲದೆ, ಕಡಿದಾದ ಕಣಿವೆಯಲ್ಲಿ ಗಿಣ್ಣಿನ ಗುಂಡನ್ನು ಉರುಳಬಿಟ್ಟು ಅದರ ಹಿಂದೆ ಓಡುವ ಪಂದ್ಯವೂ ಇದ್ದಿತೆಂದು ಥಾಮಸ್ ಹ್ಯೂಸನ 1859ರ ಪುಸ್ತಕದಿಂದ ತಿಳಿಯುತ್ತದೆ.

ಈ ಹಳ್ಳಿಗರಿಗೆ ಮಿಚೆಲ್ಲನ ಗ್ರಂಥಗಳಲ್ಲಿ ಸ್ಥಾನವಿಲ್ಲ. ಅವನ ಆದಿವಿಜ್ಞಾನಿಗಳು ಗೆರೆಯೆಳೆದು ಅಂತರ್ಧಾನರಾದ ಮಹಾಪುರುಷರು. ಆಮೇಲೆ ಬಂದವರೆಲ್ಲ ಅರ್ಥ ಮರೆತ ಮೂಢರು. ಲುಪ್ತವಾದ ವಿದ್ಯೆ ಬೇಕೆಂದು ಹಂಬಲಿಸುವವರು, ಲುಪ್ತವಾಗದೆ ಉಳಿದ ವಿದ್ಯೆಯನ್ನು ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಆಕೃತಿ ಬಹುಕಾಲ ನಿಂತಿದೆಯೆಂಬುದನ್ನು ಆಶ್ಚರ್ಯದಿಂದ ಎತ್ತಿಹೇಳುವ ಪಂಥ, ಅದನ್ನು ನಿಲ್ಲಿಸಿದವರ ಬೆನ್ನುನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದು ಬರಿಯ ಬುದ್ಧಿಯ ದೋಷವಲ್ಲ, ದಾಕ್ಷಿಣ್ಯದ ದೋಷ ಕೂಡ.

ಈ ಸಾಹಿತ್ಯದಲ್ಲಿ ಒಂದು ಪುಸ್ತಕವನ್ನು ಮಾತ್ರ ಓದಲು ಬಿಡುವಿರುವವರು ವಾಟ್ಕಿನ್ಸನದನ್ನು ಓದಲಿ. ಅವನ ಸಿದ್ಧಾಂತ ಉಳಿಯಲಿಲ್ಲವಾದರೂ ನಡೆದು ನೋಡಿದವನ ಕಣ್ಣು ಅದರಲ್ಲಿದೆ. ಎರಡಕ್ಕೆ ಬಿಡುವಿದ್ದರೆ, ಜೊತೆಗೆ ಮಾರಿಸ್ ಮಾರ್ಪಲ್ಸನು 1949ರಲ್ಲಿ ಈ ಕುದುರೆಗಳನ್ನೂ ಇತರ ಆಕೃತಿಗಳನ್ನೂ ಕುರಿತು ಬರೆದುದನ್ನು ಇಟ್ಟುಕೊಳ್ಳಲಿ. ಉಳಿದವನ್ನು ಬಿಟ್ಟರೆ ನಷ್ಟವಿಲ್ಲ.