ಒಬ್ಬರಿಗೆಂದೇ ಮಾಡಿದ ಶುಭಾಶಯಪತ್ರ

ಮುರುಡೇಶ್ವರದಲ್ಲಿ ಸಮುದ್ರದಂಚಿನಲ್ಲಿ ನೆಲೆಗೊಂಡ 123 ಅಡಿಯ ಶಿವಮೂರ್ತಿಯ ಚಿತ್ರವು ಎಷ್ಟೇ ಭವ್ಯವಾಗಿರಲಿ, ಅದನ್ನು ಅಚ್ಚು ಮಾಡಿದ ಕಾರ್ಡನ್ನು ಯಾರು ಬೇಕಾದರೂ ಕೊಂಡು ಯಾರಿಗೆ ಬೇಕಾದರೂ ಕಳುಹಬಹುದಾದುದರಿಂದ, ಅದು ಎಲ್ಲರಿಗೂ ಸಲ್ಲುವುದೇ ಹೊರತು ಒಬ್ಬರಿಗೆಂದು ಸಲ್ಲುವುದಿಲ್ಲ. ಮನೆಯಲ್ಲಿ ಕೈಯಾರೆ ಮಾಡಿದ ಛಾಯಾಚಿತ್ರದ ಶುಭಾಶಯಪತ್ರದ ಸಾರ್ಥಕತೆ, ಅದರ ಚಿತ್ರವು ಪಡೆಯುವಾತನಿಗೆ ಮಾತ್ರ ಪೂರ್ಣವಾಗಿ ತಿಳಿಯುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನು, ಬಂಧುಮಿತ್ರರಿಗೆಲ್ಲ ಬೇರೆಬೇರೆ ಕಾಗದ ಬರೆಯಲು ಬಿಡುವು ಸಾಲದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ ಅಚ್ಚು ಹಾಕಿಸಿದುದರಿಂದ ಕ್ರಿಸ್ಮಸ್ ಶುಭಾಶಯಪತ್ರದ ರೂಢಿ ಮೊದಲಾಯಿತು. 1903ರಲ್ಲಿ ಕೊಡಕ್ ಸಂಸ್ಥೆಯು ಅಂಚೆಕಾರ್ಡಿನ ಅಳತೆಯ ನೆಗೆಟಿವ್ ಕೊಡುವ ಮಡಚು ಕ್ಯಾಮೆರಾವನ್ನು ಹೊರತಂದ ಮೇಲೆ, ಸಾಮಾನ್ಯ ಗೃಹಸ್ಥನೂ ತಾನು ತೆಗೆದ ಚಿತ್ರವನ್ನೇ ಕಾರ್ಡಾಗಿಸಿ ಅಂಚೆಗೆ ಹಾಕುವಂತಾಯಿತು. ನಮಗೆ ಮಾದರಿಯಾಗಬೇಕಾದವನು ಈ ಗೃಹಸ್ಥನೇ.

ಚಿತ್ರದ ಆಯ್ಕೆಯೇ ಇಲ್ಲಿ ಮುಕ್ಕಾಲುಪಾಲು ಕೆಲಸ. ಭಟ್ಕಳದ ನವಾಯತ ಮನೆತನಗಳಲ್ಲಿ ದುಡಿಮೆಗಾಗಿ ಕೊಲ್ಲಿ ದೇಶಗಳಲ್ಲಿರುವವರು ಹಲವರಷ್ಟೆ. ಈದ್ ಹಬ್ಬಕ್ಕೆ ದುಬೈಯಲ್ಲಿರುವ ಮಗನಿಗೆ ಕಳುಹುವ ಪತ್ರದಲ್ಲಿ, ಹೊಸ ಬಟ್ಟೆ ತೊಟ್ಟು ಸಾಲಾಗಿ ನಿಂತ ಮನೆಮಂದಿಗಿಂತ, ಆತನು ಹೊರಡುವಾಗ ತಾಯಿ ಒರಗಿ ನಿಂತಿದ್ದ ಆ ಬಾಗಿಲೊಂದೇ ಇದ್ದರೂ ಅದು ಹೆಚ್ಚು ಮಾತಾಡುತ್ತದೆ. ಮುಂಬಯಿಗೆ ಕೊಟ್ಟ ಮುರುಡೇಶ್ವರದ ಹೆಣ್ಣುಮಗಳಿಗಾದರೆ, ಕೊಂಕಣ ರೈಲಿನ ಸೇತುವೆಗಳಲ್ಲೆಲ್ಲ ಉದ್ದನೆಯದಾಗಿ ಎರಡು ಕಿಲೋಮೀಟರಿಗೂ ಮಿಕ್ಕು ಚಾಚಿರುವ ಶರಾವತಿ ಸೇತುವೆಯ ಮೇಲಿಂದ, ಬೋಗಿಯ ಕಿಟಕಿಯ ಸರಳುಗಳು ಅಂಚಿನಲ್ಲಿ ಕಾಣುವಂತೆ ತೆಗೆದ ಅಳಿವೆಯ ಚಿತ್ರವು ತಕ್ಕದ್ದು. ಸರಳುಗಳಿವೆಯೆಂದು ಅದನ್ನು ಕತ್ತರಿಸಬಾರದು, ತವರಿಗೆ ಬರುವಾಗ ಆಕೆ ಹೊಳೆಯನ್ನು ನೋಡುವುದು ಆ ಸರಳುಗಳ ನಡುವಿನಿಂದಲೇ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಆಟಗಳನ್ನು ನೋಡುತ್ತಲೇ ಬೆಳೆದು ಈಗ ದೂರದೇಶದಲ್ಲಿರುವ ಬಂಧುವಿಗೆ, ರಂಗಸ್ಥಳದ ಅಬ್ಬರಕ್ಕಿಂತ ಚೌಕಿಯಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಯ ಚಿತ್ರವು ಪ್ರಿಯವಾದೀತು; ಬಾಲ್ಯದಲ್ಲಿ ಪರದೆಯ ಸಂದಿನಿಂದ ಇಣುಕಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಇನ್ನು ಮಾಡುವ ಬಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಛಾಯಾಚಿತ್ರದ ಪರಮಶತ್ರು ತೇವ. ಮನೆಯ ಪ್ರಿಂಟರಿನ ಸಾಧಾರಣ ಶಾಯಿ ಹನಿ ನೀರಿಗೂ ಹರಡುವುದರಿಂದ, ಸ್ಟುಡಿಯೊದಲ್ಲಿ ಫೋಟೊ ಕಾಗದದ ಮೇಲೆಯೇ 4×6 ಅಂಗುಲದ ಪ್ರತಿಯನ್ನು ತೆಗೆಯಿಸುವುದು ಲೇಸು; ಅದೂ ಮ್ಯಾಟ್ ಆಗಿರಲಿ, ಏಕೆಂದರೆ ಹೊಳಪಿನ ಮೈ ಮಳೆಗಾಲದಲ್ಲಿ ತಾಗಿದುದಕ್ಕೆಲ್ಲ ಅಂಟಿಕೊಂಡು ಬಿಡಿಸುವಾಗ ಹರಿಯುತ್ತದೆ. 10×7 ಅಂಗುಲದ ದಪ್ಪ ಹಾಳೆಯನ್ನು ನಡುವೆ ಮಡಚಿದರೆ ಚಿತ್ರಕ್ಕೆ ತಕ್ಕ ಅಂಚು ಉಳಿಯುತ್ತದೆ. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆಯಾದುದರಿಂದ, ಹಾಳೆಯನ್ನು ಎರಡೂ ಕಡೆಗೆ ಮೆಲ್ಲನೆ ಬಾಗಿಸಿ ನೋಡಿ, ಸುಲಭವಾಗಿ ಬಾಗಿದ ದಿಕ್ಕಿಗೇ ಮಡಿಕೆ ಬರುವಂತೆ ಕತ್ತರಿಸಿಕೊಳ್ಳಬೇಕು. ಬಳಿಕ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಅಳತೆಪಟ್ಟಿಯ ಗುಂಟ ಒತ್ತಿ ಗೆರೆಯೆಳೆದು ಮಡಚಿದರೆ ಅಂಚು ಬಿರಿಯುವುದಿಲ್ಲ.

ಚಿತ್ರವನ್ನು ಮಾತ್ರ ಎಂದಿಗೂ ಅಂಟಿಸಬಾರದು. ಮೈದಾ ಅಂಟು ಕಾಗದ ತಿನ್ನುವ ಹುಳುವನ್ನು ಕರೆಯುತ್ತದೆ; ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಅದೇ ಮೈಲುತುತ್ತವನ್ನು ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಬೆರೆಸುವುದುಂಟಾದರೂ ಅದು ಚಿತ್ರದ ಬೆನ್ನಿಗೆ ಹಿತವಲ್ಲ. ಕಾಗದದ ನಾಲ್ಕು ತ್ರಿಕೋನದ ಮೂಲೆಪಟ್ಟಿಗಳನ್ನು ಕಾರ್ಡಿಗೆ ಅಂಟಿಸಿ, ಒಣಗಿದ ಮೇಲೆ ಚಿತ್ರವನ್ನು ಅವುಗಳೊಳಗೆ ಸಿಕ್ಕಿಸಿದರೆ, ಪಡೆದಾತನು ಅದನ್ನು ಹೊರತೆಗೆದು ಬೆನ್ನಿನ ಬರಹವನ್ನು ಓದಬಹುದು. ಸ್ಥಳ, ದಿನಾಂಕ, ಚಿತ್ರದಲ್ಲಿರುವವರ ಹೆಸರು ಇಷ್ಟನ್ನು ಮೆದು ಪೆನ್ಸಿಲಿನಿಂದ, ಮುಮ್ಮೈಯಲ್ಲಿ ಗೀರು ಮೂಡದಂತೆ ಹಗುರಾಗಿ ಬರೆಯಬೇಕು. ಶುಭಾಶಯದ ಮಾತುಗಳಿಗೆ ಎದುರು ಪುಟವಿದೆ. ಅಲ್ಲಿ ಅಚ್ಚಿನ ವಾಕ್ಯವನ್ನು ನಕಲು ಮಾಡದೆ, ಎದುರಿಗಿದ್ದರೆ ಏನೆನ್ನುತ್ತಿದ್ದೆವೋ ಅದನ್ನೇ ಬರೆಯಬೇಕು.

ಅಲಂಕಾರವು ಬೇಕೆನಿಸಿದರೆ ಪೇಟೆಯ ಜರಿಗೆ ಕೈಹಾಕದಿರಿ. ಈ ಸೀಮೆಯ ಗುಡಿಗಾರರು ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡನ್ನು ತೆಳ್ಳಗೆ ಸೀಳಿ, ಒಂದು ಮಲ್ಲಿಗೆ ಮೊಗ್ಗಿನ ಆಕಾರಕ್ಕೆ ಕತ್ತರಿಸಿ ಮೂಲೆಯಲ್ಲಿಟ್ಟರೆ, ಅದರ ದಂತವರ್ಣದ ಮುಂದೆ ಬೇರೆ ಆಭರಣ ಬೇಡವೆನಿಸುತ್ತದೆ. ಆದರೆ ಬೆಂಡು ಒತ್ತಡವನ್ನು ತಾಳದು: ಅಂತಹ ಪತ್ರವನ್ನು ಅಂಚೆಗೆ ಹಾಕುವಾಗ ಲಕೋಟೆಯೊಳಗೆ, ಮೊಗ್ಗಿರುವ ಕಡೆ ಅಷ್ಟಗಲ ಕಂಡಿ ಕೊರೆದ ರಟ್ಟೊಂದನ್ನು ಕಾರ್ಡಿನ ಮೇಲೆ ಇಟ್ಟು, ಅದರ ಮೇಲೊಂದು ತೆಳು ರಟ್ಟನ್ನು ಹೊದಿಸಿಯೇ ಕಳುಹಬೇಕು.