ಕ್ಯಾರೊಲೈನ್ ರಾಣಿಯ ಮರಣ: ಲಾರ್ಡ್ ಹರ್ವೆಯ ಸಾಕ್ಷ್ಯದ ವಿಮರ್ಶೆ

ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯ ಪತ್ನಿ ಕ್ಯಾರೊಲೈನ್ 1737ರ ನವೆಂಬರ್ 20ರಂದು ಹೊಕ್ಕುಳಿನ ಹರ್ನಿಯಾದಿಂದ ಮರಣಹೊಂದಿದಳು. ಈ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರ ಆಸ್ಥಾನಿಕನಾದ ಲಾರ್ಡ್ ಹರ್ವೆಯ ಸ್ಮರಣೆಗಳು. ಅವು ಪ್ರಕಟವಾದುದು 1848ರಲ್ಲಿ. ಅವನ್ನು ಓದಿದವರು ಸಾಮಾನ್ಯವಾಗಿ ಒಂದೇ ತೀರ್ಪಿಗೆ ಬರುತ್ತಾರೆ: ರಾಣಿ ರೋಗವನ್ನು ಮರೆಮಾಚಿದಳು, ಆದುದರಿಂದ ಸತ್ತಳು. ನಾವೂ ತರಗತಿಯಲ್ಲಿ ಹಲವು ವರ್ಷ ಹಾಗೆಯೇ ಹೇಳಿದ್ದುಂಟು. ಈ ತೀರ್ಪು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದು ವಿಚಾರಾರ್ಹವಾಗಿದೆ.

1724ರಲ್ಲಿ ಕಡೆಯ ಮಗಳು ಲೂಯಿಸಾ ಹುಟ್ಟಿದ ತರುವಾಯ ರಾಣಿಗೆ ಈ ಬಾಧೆ ತೊಡಗಿತು. ದೊರೆ ಇದನ್ನು ಬಲ್ಲವನಾಗಿದ್ದನು. ಅವನಿಗೆ ತನ್ನಲ್ಲಿದ್ದ ಒಲವು ಕುಗ್ಗೀತೆಂಬ ಅಂಜಿಕೆಯಿಂದ ಆಕೆ ಬಾಯಿಬಿಡಲಿಲ್ಲವೆಂದು ಹರ್ವೆ ಬರೆಯುತ್ತಾನೆ. ನವೆಂಬರ್ 9ರಂದು ಹೊಟ್ಟೆನೋವು ಕೆರಳಿದಾಗ ವೈದ್ಯರು ಶೂಲೆಯೆಂದೆಣಿಸಿ ಕಷಾಯ ಕುಡಿಸಿದರು, ರಕ್ತ ತೆಗೆದರು. ದೊರೆಯೇ ಗುಟ್ಟನ್ನು ಹೊರಗೆಡಹಿದ ಮೇಲೆ ಶಸ್ತ್ರವೈದ್ಯ ಜಾನ್ ರ‍್ಯಾನ್‌ಬಿ ಪರೀಕ್ಷಿಸಿದನು. ಹೊತ್ತು ಮೀರಿದೆಯೆಂದು ಆಕೆಗೆ ಹೇಳಿದನು. ಮುಂದೆ ಕತ್ತಿ ಆಡಿತು, ಅರಿವಳಿಕೆಯಿಲ್ಲದೆ. ಕೆಲವು ದಿನಗಳಲ್ಲಿ ಕರುಳು ಒಡೆಯಿತು.

ಹರ್ವೆ ವೈದ್ಯನಲ್ಲ. ಆಸ್ಥಾನದ ಚಾತುರ್ಯದ ಮಾತು ಅವನಿಗೆ ಪ್ರಿಯ. ದೊರೆಯ ಕಣ್ಣೀರನ್ನೂ ನಗೆಯ ವಸ್ತುವಾಗಿಸಬಲ್ಲನು. ಗುಟ್ಟಿನ ಕಥೆ ಅಂಥ ಲೇಖನಿಗೆ ಒದಗಿದ ಭಾಗ್ಯವೇ ಸರಿ. ಆದರೆ ರಾಣಿ ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಆ ಕಾಲದಲ್ಲಿ ಸಿಕ್ಕದ ಹರ್ನಿಯಾಕ್ಕೆ ಪಟ್ಟಿ ಬಿಗಿಯುವುದಷ್ಟೇ ಉಪಚಾರ. ಆಕೆಯೋ ಸ್ಥೂಲಕಾಯಳು. ಕೊಬ್ಬು ತುಂಬಿದ ಹೊಟ್ಟೆಯ ಮೇಲೆ ಪಟ್ಟಿ ನಿಲ್ಲುವುದು ಕಷ್ಟ. ಗಂಟು ಆ ಕೊಬ್ಬಿನಲ್ಲೇ ಅಡಗುವುದೂ ಉಂಟು. ಈಥರಿನ ಅರಿವಳಿಕೆ ಬಂದುದು 1846ರಲ್ಲಿ, ಲಿಸ್ಟರನ ನಂಜುನಿವಾರಕ ಕ್ರಮ 1867ರಲ್ಲಿ. ಹೊಕ್ಕುಳಿನ ಭಿತ್ತಿಯ ಪದರಗಳನ್ನು ಒಂದರ ಮೇಲೊಂದು ಹೊದಿಸಿ ಹೊಲಿಯುವ ವಿಲಿಯಂ ಮೇಯೊನ ವಿಧಾನ 1901ರದು.

ಇಂದಿಗೂ ಸ್ಥೂಲಕಾಯರಲ್ಲಿ ಈ ಶಸ್ತ್ರಕ್ರಿಯೆ ಸುಲಭವಲ್ಲ. ಉದರದೊಳಗಣ ಒತ್ತಡ ಹೊಲಿಗೆಯನ್ನು ಎಳೆಯುತ್ತದೆ. ರಕ್ತಸಂಚಾರ ಕಡಿಮೆಯಿರುವ ಕೊಬ್ಬಿನ ಪದರದಲ್ಲಿ ಗಾಯ ಕೀವುಗಟ್ಟುವುದು ಹೆಚ್ಚು. ಹರ್ನಿಯಾ ಮರುಕಳಿಸುವುದೂ ಹೆಚ್ಚು. ಬಲೆಯನ್ನಿಟ್ಟು ಹೊಲಿಯುವುದರಿಂದ ಎಷ್ಟೋ ಉಪಕಾರವಾಗಿದೆ: 300 ಹೊಕ್ಕುಳು ಹರ್ನಿಯಾ ರೋಗಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮರುಕಳಿಕೆ ಬರಿಯ ಹೊಲಿಗೆಯಲ್ಲಿ ನೂರಕ್ಕೆ 12, ಬಲೆಯಲ್ಲಿ 4. ಅವಸರವಿಲ್ಲದಾಗ ಮೊದಲು ತೂಕವಿಳಿಸುವಂತೆ ವೈದ್ಯರು ಹೇಳುವುದುಂಟು. ಕರುಳು ಸಿಕ್ಕಿಕೊಂಡಾಗ ಆ ಅವಕಾಶವಿಲ್ಲ. ಇಷ್ಟು ಸಾಧನಗಳಿರುವ ಕಾಲದಲ್ಲಿಯೂ ಎಚ್ಚರ ಬೇಡುವ ರೋಗವನ್ನು 1724ರಲ್ಲಿಯೇ ಹೇಳಿಬಿಟ್ಟಿದ್ದರೆ ಗುಣವಾಗುತ್ತಿತ್ತೆಂದು ನಂಬುವುದು ಕಾಲವ್ಯತ್ಯಾಸದ ದೋಷ. ಕಡೆಯ ಮೂರು ದಿನಗಳ ಮೌನದಿಂದ ಹಾನಿಯಾಯಿತೆಂಬುದನ್ನು ಮಾತ್ರ ನಾವು ಒಪ್ಪುತ್ತೇವೆ. ಹದಿಮೂರು ವರ್ಷಗಳ ಮೌನದ ಮೇಲೆ ಹೊರಿಸಿದ ಭಾರ ನ್ಯಾಯವಾದುದಲ್ಲ.

ಗುಟ್ಟಿನ ಬೆರಗಿನಲ್ಲಿ ಮರೆಯಾದ ಇನ್ನೊಂದು ಸಂಗತಿಯಿದೆ. ಅದೇ ಕಾಲದ ವಿಲಿಯಂ ಚೆಸೆಲ್ಡನ್ ತನ್ನ ಅಂಗರಚನೆಯ ಗ್ರಂಥದಲ್ಲಿ 73 ವರ್ಷದ ಹೆಂಗಸೊಬ್ಬಳ ಪ್ರಸಂಗವನ್ನು ಬರೆದಿದ್ದಾನೆ. ಆಕೆಗೂ ಹೊಕ್ಕುಳಿನ ಹರ್ನಿಯಾ. ಐವತ್ತನೆಯ ವಯಸ್ಸಿನಿಂದ ಅನುಭವಿಸಿದ್ದಳು. ಕರುಳು ಕೊಳೆತಾಗ ಅವನು ಕೊಳೆತ ಭಾಗವನ್ನು ತೆಗೆದು, ಉಳಿದ ಕರುಳಿನ ತುದಿಯನ್ನು ಹೊಕ್ಕುಳಲ್ಲೇ ಹೊರಗೆ ಬಿಟ್ಟನು. ಮಲವಿಸರ್ಜನೆ ಆ ದಾರಿಯಲ್ಲಿಯೇ ನಡೆದು, ಆಕೆ ಅನೇಕ ವರ್ಷ ಬದುಕಿದಳು. ಈ ಚೆಸೆಲ್ಡನ್ 1727ರಲ್ಲಿ ಕ್ಯಾರೊಲೈನಳ ಶಸ್ತ್ರವೈದ್ಯನಾಗಿ ನೇಮಕಗೊಂಡಿದ್ದವನು. ಹತ್ತು ವರ್ಷಗಳ ಬಳಿಕ ಆಕೆಯ ಮಂಚದ ಬಳಿ ರ‍್ಯಾನ್‌ಬಿಯೂ ಅವನ ಸಂಗಡಿಗರೂ ಇದ್ದರು, ಚೆಸೆಲ್ಡನ್ ಇರಲಿಲ್ಲ.